ಗುಳಿಗೆ ನುಂಗಲು ಉಜ್ಜಿನಪ್ಪ ಹೂವು ಕೇಳಿದ್ದು

ಸಾಯಲು ಹೊರಟವನ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ಹೇಳುವವರಿಗೇನು, ಅವರು ಉಜ್ಜಿನಪ್ಪನ ಜೊತೆ ನಲವತ್ತು ವರ್ಷ ಕಳೆದವರಲ್ಲ. ನಾನು ಕಳೆದಿದ್ದೇನೆ. ಡಾಕ್ಟರು ಅವನಿಗೆ ಇನ್ನು ಮೂರ್ನಾಲ್ಕು ತಿಂಗಳು ಅಂದ ಮೇಲೆ ನಾನು ಅವನ ಮೇಲೆ ಮಾಡಿದಷ್ಟು ಸಿಟ್ಟನ್ನು ಅವನು ಗಟ್ಟಿಮುಟ್ಟಾಗಿದ್ದಾಗಲೂ ಮಾಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದ. ನೋವು ನಿಲ್ಲಿಸುವ ಗುಳಿಗೆ ತಲೆದಿಂಬಿನ ಪಕ್ಕದಲ್ಲೇ ಇತ್ತು. ನುಂಗೋದಿಲ್ಲ ಅಂದ. ಯಾಕೋ ಮಾರಾಯ ಅಂದರೆ, ನಿನಗೋಸ್ಕರ ಅಂದ. ಇದಕ್ಕಿಂತ ಮೈ ಉರಿಯುವ ಮಾತು ಬೇರೆ ಇದೆಯೇ?

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ನಾನು ದಾವಲಸಾಬ್. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಶೆಡ್ಡಿದೆ, ಅಲ್ಲಿ ಟೇಲರ್. ಉಜ್ಜಿನಪ್ಪ ಅದೇ ಶೆಡ್ಡಿನ ಕಟಿಂಗ್ ಮಾಸ್ತರ. ಅವನು ಕತ್ತರಿಸಬೇಕು, ನಾನು ಹೊಲಿಯಬೇಕು. ಅವನ ಹುಟ್ಟೂರು ಸಿರುಗುಪ್ಪ. ಭತ್ತದ ಗದ್ದೆಯನ್ನು ಅಣ್ಣಂದಿರಿಗೆ ಬಿಟ್ಟು ಇಪ್ಪತ್ತರ ವಯಸ್ಸಿನಲ್ಲಿ ಬಳ್ಳಾರಿಗೆ ಬಂದು ನನ್ನ ಪಕ್ಕದ ಮನೆಯನ್ನು ಬಾಡಿಗೆ ಹಿಡಿದ. ಆವತ್ತೇ ನನ್ನ ಹಣೆಬರಹ ಅವನದಕ್ಕೆ ಗಂಟು ಬಿತ್ತು. ಅವನ ಹೆಂಡತಿ ಹೊನ್ನೂರಮ್ಮ ಕುರುಗೋಡಿನ ಹೆಣ್ಣುಮಗಳು. ನನ್ನನ್ನು ಅಣ್ಣಾ ಅನ್ನುತ್ತಾಳೆ, ಬೈಯುವಾಗಲೂ ಅಣ್ಣಾ ಅಂತಲೇ ಬೈಯುತ್ತಾಳೆ.

ಬೈಯುವುದಕ್ಕೆ ಅವಳಿಗೆ ಬೇಕಾದಷ್ಟು ಕಾರಣ ಇದ್ದವು. ಮೂವತ್ತು ವರ್ಷ ನಾವಿಬ್ಬರೂ ಕುಡಿದೆವು. ಅವನು ಎತ್ತಿದರೆ ನಾನು ಎತ್ತಬೇಕು, ನಾನು ಬಿದ್ದರೆ ಅವನು ಪಕ್ಕಕ್ಕೆ ಬೀಳಬೇಕು, ಅಂಥ ಸ್ನೇಹ. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಮಷೀನಿನಿಂದ ಒಟ್ಟಿಗೆ ಕತ್ತರಿಸುವುದು ಅವನ ಕೆಲಸ. ಒಂದು ಹಬ್ಬದ ಆರ್ಡರಿನಲ್ಲಿ ಏರಿಸಿಕೊಂಡು ಬಂದು ಕತ್ತರಿಸಿದ. ನಾನೂ ಏರಿಸಿಕೊಂಡೇ ಹೊಲಿದೆ. ಸಂಜೆ ನೋಡಿದರೆ ನೂರಾ ಇಪ್ಪತ್ತು ಪ್ಯಾಂಟು, ಅಷ್ಟಕ್ಕೂ ಎರಡೂ ಎಡಗಾಲು. ಮಾಲೀಕ ಒಂದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. "ಇದನ್ನ ಯಾರು ಹಾಕ್ಕೋಬೇಕಲೇ?" ಅಂದ.

ಉಜ್ಜಿನಪ್ಪ ನಿಜವಾಗಿಯೂ ಯೋಚನೆ ಮಾಡಿದ. "ನಮ್ಮಂಥೋರು ಹಾಕ್ಕೋಬೋದ್ರಿ ಧಣಿ. ನಾವು ನೆಟ್ಟಗ ಎಲ್ಲಿ ನಡೀತೀವಿ" ಅಂದ.

ಬಿಡಬೇಕು ಅಂತ ಅವನಿಗೆ ಇರಲಿಲ್ಲ ಅನ್ನಬೇಡಿ. ವರ್ಷಕ್ಕೆರಡು ಸಲ ಆಣೆ ಮಾಡುತ್ತಿದ್ದ. ಆದರೆ ಆಣೆ ಮಾಡುವಾಗಲೇ ಅದರಲ್ಲಿ ಒಂದು ಕಿಂಡಿ ಇಟ್ಟುಕೊಳ್ಳುತ್ತಿದ್ದ. ಬ್ರಾಂಡಿ ಮುಟ್ಟಲ್ಲ ಅಂತ ಆಣೆ ಮಾಡಿ ವಿಸ್ಕಿ ಹಿಡಿದ. ಬಳ್ಳಾರಿ ಊರೊಳಗೆ ಹನಿ ಮುಟ್ಟಲ್ಲ ಅಂತ ತಾಯಿಯ ಮೇಲೆ ಆಣೆ ಮಾಡಿ, ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದ. ಕುಡಿದು ವಾಪಸ್ ಬರುವಾಗ ಅವನದು ಒಂದೇ ಗೋಳು: "ತೆಕ್ಕಲಕೋಟೆ ದಾಟೋದ್ರಾಗ ಇಳದುಬಿಡ್ತೈತಲೇ ದಾವಲ್ಯಾ. ಬಸ್‌ಚಾರ್ಜೂ ದಂಡ."

ಹನ್ನೊಂದು ವರ್ಷದ ಹಿಂದೆ ಹೊನ್ನೂರಮ್ಮ ಸಾಕಾಗಿ ತವರಿಗೆ ಹೋಗಿ ಕೂತಳು. ಕರೆದುಕೊಂಡು ಬರೋಣ ಅಂತ ನಾವಿಬ್ಬರೂ ಕುರುಗೋಡಿಗೆ ಹೊರಟೆವು. ಮಾವನ ಮನೆಗೆ ಹೋಗಲು ಧೈರ್ಯ ಬೇಕಲ್ಲ, ಸ್ವಲ್ಪ ಹಾಕಿಕೊಂಡೆವು. ಧೈರ್ಯ ಹೆಚ್ಚಾಗಿ ಮನೆ ಯಾವುದು ಅಂತ ಮರೆತುಹೋಯಿತು. ಓಣಿಯ ಕೊನೆಯಲ್ಲಿ ಒಂದು ದೊಡ್ಡ ಕದ ಕಂಡಿತು. "ಹೊನ್ನೂರೀ, ಕದ ತಗಿ, ನಾ ಬಂದೀನಿ" ಅಂತ ಬಡಿದು ಬಡಿದು ಅಲ್ಲೇ ಮೆಟ್ಟಿಲ ಮೇಲೆ ಮಲಗಿಬಿಟ್ಟೆವು. ಬೆಳಿಗ್ಗೆ ಮುಖದ ಮೇಲೆ ಒಂದು ಬಕೀಟು ನೀರು ಬಿತ್ತು. ಕಣ್ಣು ಬಿಟ್ಟರೆ ವಿಭೂತಿ ಹಚ್ಚಿದ ಒಬ್ಬ ಸ್ವಾಮಿ ನಿಂತಿದ್ದ. ಅದು ವೀರಭದ್ರ ದೇವರ ಒಂದು ಸಣ್ಣ ಗುಡಿ, ಆತ ಅದರ ಪೂಜಾರಿ ಮರಿಬಸಯ್ಯ.

"ಒಳಗ ವೀರಭದ್ರಪ್ಪ ಅದಾನ. ಹೊನ್ನೂರಮ್ಮ ಇಲ್ಲಿಲ್ಲ" ಅಂದರು ಮರಿಬಸಯ್ಯನವರು.

ನನಗೆ ನಗು ಬಂತು. ಉಜ್ಜಿನಪ್ಪನಿಗೆ ಅಳು ಬಂತು. ದೇವರ ಬಾಗಿಲಿಗೆ ಬಂದು ಹೆಂಡತಿಯ ಹೆಸರು ಕೂಗಿದೆನಲ್ಲ ಅಂತ ಹುಡುಗರ ಹಾಗೆ ಅತ್ತ. ಅಲ್ಲೇ ಒದ್ದೆ ಬಟ್ಟೆಯಲ್ಲಿ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ಈ ಸಲ ಕಿಂಡಿ ಇಲ್ಲದ ಆಣೆ ಮಾಡಬೇಕು ಅಂದ. ಉರಿಯುವ ಕರ್ಪೂರದ ಮೇಲೆ ಕೈ ಹಿಡಿದು ಅವನು ಹೇಳಿದ, ನಾನೂ ಹೇಳಿದೆ: "ಅಮಲು ಬರುವಂಥದ್ದು ಏನೇ ಇರಲಿ, ಬಾಯಿಗೆ ಹಾಕಲ್ಲ. ನಾ ಹಾಕಿದ್ರ ಅದರ ಪಾಪ ಇವಗ ತಟ್ಟಲಿ." ನಾನು ಮೇಲೆ ಅಲ್ಲಾನ ಹೆಸರನ್ನೂ ಸೇರಿಸಿದೆ, ಎರಡೂ ಕಡೆ ಭದ್ರ ಇರಲಿ ಅಂತ.

ಆ ಕೊನೆಯ ಮಾತಿನಲ್ಲಿ ಇತ್ತು ನೋಡಿ ಮರ್ಮ. ನಮ್ಮ ಪಾಪಕ್ಕೆ ನಾವು ಹೆದರುವವರೇ ಅಲ್ಲ. ಆದರೆ ನಾಲಿಗೆ ಒಣಗಿದಾಗಲೆಲ್ಲ ನನಗೆ ಅವನ ಮುಖ ಕಾಣುತ್ತಿತ್ತು, ಅವನಿಗೆ ನನ್ನದು. ಹಾಗೆ ಹನ್ನೊಂದು ವರ್ಷ ಕಳೆದೆವು. ಹೊನ್ನೂರಮ್ಮ ಒಂದು ತಿಂಗಳು ಕಾದು ನೋಡಿ ವಾಪಸ್ ಬಂದಳು.

ಕುಡಿಯುವ ಉಜ್ಜಿನಪ್ಪನನ್ನು ಸಹಿಸಬಹುದಿತ್ತು. ಬಿಟ್ಟ ಉಜ್ಜಿನಪ್ಪನನ್ನು ಸಹಿಸುವುದು ಹರೋಹರ! ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನ, ಮೂರು ಬೆರಳು ವಿಭೂತಿ, ಲಿಂಗಪೂಜೆ, ಅದಾದ ಮೇಲೆ ಭಜನೆ. ಅವನ ಗಂಟಲಿಗೂ ರಾಗಕ್ಕೂ ಜನ್ಮದಲ್ಲಿ ಭೇಟಿಯಾಗಿರಲಿಲ್ಲ. ಹಲಕುಂದಿಯ ಮಠಕ್ಕೆ ಪ್ರತಿ ಅಮಾವಾಸ್ಯೆ ನಡೆದು ಹೋಗುತ್ತಿದ್ದ, ಜೊತೆಗೆ ನನ್ನನ್ನೂ ಅರ್ಧ ದಾರಿ ನಡೆಸುತ್ತಿದ್ದ. ಯಾರ ಮನೆಗೆ ಹೋದರೂ ಮೂಸಿ ನೋಡಿ ಬಾಯಿಗಿಡುತ್ತಿದ್ದ. ಕೆಮ್ಮಿನ ಔಷಧಿ ಕುಡಿಯುವುದಿಲ್ಲ. ಹುಳಿ ಬಂದ ಅಂಬಲಿ ಕುಡಿಯುವುದಿಲ್ಲ. ಮದುವೆ ಮನೆಯ ಗಸಗಸೆ ಪಾಯಸ ಉಂಡರೆ ನಿದ್ದೆ ಬರುತ್ತದೆ, ಆದ್ದರಿಂದ ಅದೂ ಅಮಲೇ. ಕೊರೋನಾ ಬಂದಾಗ ಕೈಗೆ ಹಚ್ಚುವ ಔಷಧಿಯನ್ನೂ ಬೇಡ ಅಂದ, ಚರ್ಮ ಕುಡಿಯುತ್ತದಂತೆ. ನನ್ನ ಹೆಂಡತಿ ಕುಲ್ಸುಂಬೀ ಒಂದು ಸಲ ತಡೆಯಲಾರದೆ ಕೇಳಿಯೇ ಬಿಟ್ಟಳು: "ಅಣ್ಣಾರ, ನೀವು ಕುಡಿಯೋ ಕಾಲಕ್ಕ ಇಷ್ಟು ತ್ರಾಸ ಇರ್ಲಿಲ್ಲಲ್ರಿ?"

ಆದರೂ ಒಂದು ಮಾತು ಹೇಳಬೇಕು. ಆ ಹನ್ನೊಂದು ವರ್ಷ ಅವನು ಬಹಳ ಖುಷಿಯಾಗಿದ್ದ. ಮಗಳು ಸುನಂದಾಳ ಮದುವೆಯಲ್ಲಿ ನೆಟ್ಟಗೆ ನಿಂತು ಧಾರೆ ಎರೆದ. ಹೊನ್ನೂರಮ್ಮ ಅವನ ತಟ್ಟೆಗೆ ರೊಟ್ಟಿ ಹಾಕುವಾಗ ಮೊದಲಿನ ಹಾಗೆ ಎಸೆಯುತ್ತಿರಲಿಲ್ಲ. ದೇವರು ನನ್ನ ಎಬ್ಬಿಸಿ ಕೂಡ್ರಿಸಿದ ಅಂತ ಹೇಳುತ್ತಿದ್ದ. ನನಗೂ ಹಾಗೇ ಅನ್ನಿಸುತ್ತಿತ್ತು, ಅವನ ಮುಂದೆ ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೆ.

ಹೋದ ಯುಗಾದಿ ಆದ ಮೇಲೆ ಹೊಟ್ಟೆನೋವು ಶುರುವಾಯಿತು. ಕಣ್ಣು ಹಳದಿಯಾಯಿತು. ಪರೀಕ್ಷೆಗಳೆಲ್ಲ ಮುಗಿದು ಡಾಕ್ಟರಮ್ಮ ನಮ್ಮ ಮೂವರನ್ನೂ ಕೂಡ್ರಿಸಿಕೊಂಡು ಹೇಳಿದರು. ಲಿವರಿನಲ್ಲಿ ಕ್ಯಾನ್ಸರ್, ಬಹಳ ಹರಡಿದೆ, ಆಪರೇಷನ್ ಮಾಡುವ ಹಂತ ದಾಟಿದೆ, ಮೂರ್ನಾಲ್ಕು ತಿಂಗಳು. ಹೊನ್ನೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಉಜ್ಜಿನಪ್ಪ ಮಾತ್ರ ಡಾಕ್ಟರಮ್ಮನನ್ನೇ ಸಮಾಧಾನ ಮಾಡಿದ.

"ನೀವ್ಯಾಕ್ರಿ ಮೇಡಂ ಮುಖ ಸಣ್ಣದು ಮಾಡ್ತೀರಿ? ಕುಡಿಯೋದು ಬಿಡದಿದ್ರ ಹತ್ತು ವರ್ಷದ ಹಿಂದನ ಹೋಗಿರ್ತಿದ್ದೆ. ಇದೆಲ್ಲ ಶಿವ ಮ್ಯಾಲೆ ಕೊಟ್ಟಿದ್ದು."

ಡಾಕ್ಟರಮ್ಮ ನೋವಿಗೆ ಗುಳಿಗೆ ಬರೆದರು. ನಾಲ್ಕು ತಾಸಿಗೊಂದು. ಉಜ್ಜಿನಪ್ಪ ಚೀಟಿಯನ್ನು ಮೂಸಿ ನೋಡಿದ. "ಇದರೊಳಗ ಏನೈತ್ರಿ?" ಅಂದ.

ಆ ಪುಣ್ಯಾತ್ಗಿತ್ತಿ ಸುಳ್ಳು ಹೇಳಬಾರದಿತ್ತೇ? ನಿಜವನ್ನೇ ಹೇಳಿದರು. "ಮಾರ್ಫಿನ್ ಅಂತ. ಅಫೀಮಿನಿಂದ ಮಾಡ್ತಾರೆ, ಗಸಗಸೆ ಗಿಡದ್ದು. ಹೆದರಬೇಡಿ, ನೋವಿಗೆ ಇದಕ್ಕಿಂತ ಒಳ್ಳೇದು ಇಲ್ಲ."

ಉಜ್ಜಿನಪ್ಪ ಎದ್ದು ನಿಂತು ಕೈ ಮುಗಿದ. "ಗಸಗಸಿ ಪಾಯಸ ಬಿಟ್ಟವ ನಾನು. ನೀವು ಆ ಗಿಡದ ಹಾಲನ್ನ ಕುಡಸ್ತೀರಲ್ರಿ" ಅಂದು ಹೊರಗೆ ನಡೆದ.

ನಾನು ಗುಳಿಗೆ ತಂದೆ. ಅವನು ಮುಟ್ಟಲಿಲ್ಲ. ಬೇರೆ ಸಾದಾ ಗುಳಿಗೆಗಳು ಒಂದು ತಿಂಗಳು ಹೇಗೋ ತಡೆದವು, ಆಮೇಲೆ ಅವಕ್ಕೆ ನೋವು ಜಗ್ಗಲಿಲ್ಲ. ನೋವು ಬಂದಾಗ ನರಳಬಾರದು ಅಂತ ಭಜನೆ ಹಾಡುತ್ತಿದ್ದ. ನೋವು ಏರಿದಷ್ಟೂ ಧ್ವನಿ ಏರುತ್ತಿತ್ತು. ಓಣಿಯ ಜನ, ಆಹಾ, ಈ ಸ್ಥಿತಿಯಲ್ಲೂ ಏನು ಭಕ್ತಿ ಅಂತ ಬಾಗಿಲ ಮುಂದೆ ಕೈ ಮುಗಿದು ಹೋಗುತ್ತಿದ್ದರು. ಒಳಗೆ ಹೊನ್ನೂರಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು.

"ಲೇ ಉಜ್ಜಿನ್ಯಾ, ಅದು ಔಷಧಿ. ನುಂಗು" ಅಂದೆ.

"ಅಮಲಲೇ ಅದು. ಆಣಿ ಮಾಡೀನಿ."

"ಆಣಿ ಮುರದ್ರ ಪಾಪ ಯಾರಿಗೆ ತಟ್ತೈತಿ?"

"ನಿನಗ."

"ನಾ ತಟ್ಟಿಸ್ಕೊಳ್ಳಾಕ ತಯಾರದೀನಿ. ನುಂಗು!"

"ನಿನಗ ಮೊದಲ ಸಕ್ಕರಿ ಕಾಯಿಲಿ ಐತಿ, ಮ್ಯಾಲೆ ನನ್ನ ಪಾಪಾನೂ ಹೊರಸ್ಲೇನು?" ಅಂದ. "ನಾ ಹೊಂಟವ. ನೀ ಇರೋನು. ಹನ್ನೊಂದು ವರ್ಷ ನಿನ್ನ ಮುಖ ನೋಡಿ ಬಿಟ್ಟೀನಿ, ಈಗ ಹೊಸ್ತಲದಾಗ ನಿಂತು ನಿನ್ನ ತಲಿ ಮ್ಯಾಲೆ ಕಲ್ಲು ಹಾಕಿ ಹೋಗಂತೀಯಾ?"

ನಾನು ಬೈದೆ, ಅತ್ತೆ, ಕಾಲು ಹಿಡಿದೆ. ನಾನು ಬಿಡುಗಡೆ ಮಾಡಿದ್ದೇನೆ ಅಂದರೂ ಕೇಳಲಿಲ್ಲ. ಆಣೆ ದೇವರ ಮುಂದೆ ಆದದ್ದು, ಬಿಡಿಸಿದರೆ ದೇವರೇ ಬಿಡಿಸಬೇಕು ಅಂದ. ಕೊನೆಗೆ ಒಂದು ದಾರಿ ಅವನೇ ಹೇಳಿದ: ಕುರುಗೋಡಿಗೆ ಹೋಗಿ ವೀರಭದ್ರಪ್ಪನಿಗೆ ಹೂವು ಕೇಳೋಣ.

ಹೂವು ಕೇಳುವುದು ಅಂದರೆ, ಪೂಜಾರಿ ಹೂವುಗಳನ್ನು ನೀರಿನಲ್ಲಿ ಅದ್ದಿ ದೇವರ ಮೈಮೇಲೆ ಎಡಕ್ಕೊಂದು ಬಲಕ್ಕೊಂದು ಅಂಟಿಸುತ್ತಾರೆ. ನಾವು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಬೇಕು. ಬಲಗಡೆಯ ಹೂವು ಬಿದ್ದರೆ ದೇವರು ಹೂಂ ಅಂದ ಹಾಗೆ, ಎಡಗಡೆಯದು ಬಿದ್ದರೆ ಬೇಡ ಅಂದ ಹಾಗೆ. ಹೆಣ್ಣು ಕೊಡುವುದು, ಬಾವಿ ತೋಡುವುದು, ಎಲ್ಲವನ್ನೂ ನಮ್ಮ ಕಡೆ ಹೀಗೇ ಕೇಳುತ್ತಾರೆ.

ಇಷ್ಟು ದೊಡ್ಡ ವಿಷಯವನ್ನು ದೇವರ ಪಾಲಿಗೇ ಬಿಡಲು ನನಗೆ ಧೈರ್ಯ ಸಾಲಲಿಲ್ಲ. ಹಿಂದಿನ ದಿನವೇ ಯಾರಿಗೂ ಹೇಳದೆ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಮರಿಬಸಯ್ಯನವರಿಗೆ ಎಲ್ಲ ಹೇಳಿ, "ಸ್ವಾಮೇರ, ನಾಳಿ ಹೂವು ಬಲಕ್ಕ ಬೀಳಬೇಕ್ರಿ" ಅಂದೆ.

ಸ್ವಾಮಿಗಳು ಕೆಂಡವಾದರು. "ದೇವ್ರ ಕೈ ಹಿಡಿಯಾಕ ನಾನ್ಯಾರು? ಮೂರು ತಲಿಮಾರಿಂದ ಪೂಜಿ ಮಾಡ್ಕೋತ ಬಂದೀವಿ!" ಅಂತ ಕೂಗಾಡಿದರು. ನಾನು ತಲೆ ಬಗ್ಗಿಸಿ ಕೂತೇ ಇದ್ದೆ. ಕೂಗಿ ಕೂಗಿ ದಣಿದ ಮೇಲೆ ಮೆಲ್ಲಗೆ, "ಭಾಳ ನೋವೇನು ಆತಗ?" ಅಂತ ಕೇಳಿದರು. ಹೂಂ ಅಂದೆ. ಗುಡಿಯ ಒಳಗೆ ಒಮ್ಮೆ ತಿರುಗಿ ನೋಡಿ, "ಎಡಗಡಿ ಹೂವಿಗೆ ಒಂಚೂರು ಗಂಧ ಹಚ್ಚಿ ಒತ್ತಿದ್ರ ಸಂಜಿ ತನಕ ಅಲ್ಲಾಡಂಗಿಲ್ಲ" ಅಂದರು. ನಾನು ಹೊರಡಲು ಎದ್ದಾಗ, "ನೀವು ಜೀನ್ಸ್ ಹೊಲಿಯೋರಲ್ಲ? ನಮ್ಮ ಅಳಿಯಂದು ನಡ ಮೂವತ್ತಾರು" ಅಂದರು.

ಮರುದಿನ ಒಂದು ಓಮ್ನಿ ಗಾಡಿ ಮಾಡಿಕೊಂಡು ಹೋದೆವು. ಹೊನ್ನೂರಮ್ಮ ಅವನ ಬೆನ್ನಿಗೆ ದಿಂಬು ಕೊಟ್ಟು ಹಿಡಿದು ಕೂತಿದ್ದಳು. ಗುಡಿಯಲ್ಲಿ ಉಜ್ಜಿನಪ್ಪ ದೇವರ ಮುಂದೆ ಕೂತು ಕಣ್ಣು ಮುಚ್ಚಿದ. ಸ್ವಾಮಿಗಳು ಹೂವು ಏರಿಸಿ ನನ್ನ ಕಡೆ ನೋಡದೆ ಮಂತ್ರ ಹೇಳತೊಡಗಿದರು. ಎರಡು ನಿಮಿಷವೂ ಆಗಿರಲಿಲ್ಲ, ಬಲಗಡೆಯ ಹೂವು ಜಾರಿ ತಟ್ಟನೆ ಕೆಳಗೆ ಬಿತ್ತು.

"ಆತಲ್ಲಪಾ! ಬಲಕ್ಕ ಕೊಟ್ಟ!" ಅಂತ ನಾನು ಕೂಗಿಯೇ ಬಿಟ್ಟೆ. ಜೇಬಿನಿಂದ ಗುಳಿಗೆಯ ಡಬ್ಬಿಯನ್ನೂ ತೆಗೆದೆ.

ಉಜ್ಜಿನಪ್ಪನ ಕಣ್ಣಲ್ಲಿ ದಳದಳ ನೀರು. ದೇವರಿಗೆ ಅಡ್ಡಬಿದ್ದ. "ನನ್ನ ಮಾತು ಉಳಿಸಿದ್ಯೋ ತಂದೀ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಡಬ್ಬಿ ಒಳಗಿಡು. ನಿನಗ ಪಾಪ ತಟ್ಟಂಗಿಲ್ಲ ಇನ್ನ" ಅಂದ.

"ಏನಂತ ಕೇಳಿದ್ಯಲೇ?" ಅಂದೆ.

"ಶುಭದ ಮಾತು ಬಲಕ್ಕ ಕೇಳಬೇಕಲ್ಲ? ಆಣಿ ಉಳಿಸ್ಕೊಂಡ ಸಾಯಂಗ ಮಾಡೋದಾದ್ರ ಬಲಕ್ಕ ಕೊಡಪಾ ಅಂತ ಕೇಳಿದ್ದೆ. ಕೊಟ್ಟ ನೋಡು, ಎಷ್ಟು ಲಗೂನ ಕೊಟ್ಟ!"

ಮರಿಬಸಯ್ಯನವರ ಮಂತ್ರ ನಿಂತುಹೋಯಿತು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ. ಇಲ್ಲಿ ಪೂಜಾರಿ ಕೊಟ್ಟಿದ್ದೇ ನಮ್ಮ ಪಾಲಿಗೆ ಮುಳುವಾಯಿತು. ಅಲ್ಲ, ಎರಡೂ ಎಡಗಾಲು ಹೊಲಿದ ಮಹಾಬುದ್ಧಿವಂತ ನಾನು, ಕೇಳುವವನು ಏನಂತ ಕೇಳುತ್ತಾನೆ ಅಂತ ಮೊದಲು ವಿಚಾರಿಸಬೇಕು ಅನ್ನುವ ಬುದ್ಧಿ ನನಗೆ ಬೇಡವೇ?

ಆಮೇಲಿನ ಒಂಬತ್ತು ದಿನ ನನಗೆ ಅನ್ನ ಸೇರಲಿಲ್ಲ. ಹೇಳಿದರೆ ಅವನ ನಂಬಿಕೆ ಮುರಿಯುತ್ತದೆ. ಆ ನಂಬಿಕೆಯಿಂದಲೇ ಎದ್ದು ಕೂತವನು ಅವನು, ಸಾಯುವಾಗ ಅದನ್ನು ಕಿತ್ತುಕೊಳ್ಳಲೇ? ಹೇಳದಿದ್ದರೆ ನೋವಿನಲ್ಲೇ ಸಾಯುತ್ತಾನೆ, ಅದೂ ನನ್ನ ಕಿತಾಪತಿಯಿಂದ. ಪಕ್ಕದ ಗೋಡೆಯಿಂದ ಭಜನೆ ಕೇಳುತ್ತಿತ್ತು. ಎಂಟನೆಯ ದಿನ ಧ್ವನಿಯೇ ಹೊರಡಲಿಲ್ಲ, ಬರೀ ತಾಳ ಕುಟ್ಟಿದ. ಒಂಬತ್ತನೆಯ ದಿನ ಬೆಳಿಗ್ಗೆ ತಾಳವೂ ನಿಂತಿತು. ಅಷ್ಟರಲ್ಲಿ ನನ್ನ ಬಾಯಿಂದಲೇ ಎಲ್ಲ ತಿಳಿದುಕೊಂಡಿದ್ದ ಕುಲ್ಸುಂಬೀ ನನ್ನ ಮುಂದೆ ಚಹಾ ಇಟ್ಟು, "ಬಾಯಿ ಬಿಟ್ಟು ಹೇಳ್ರಿ ಹೋಗ್ರಿ. ಸುಮ್ಮನ ಕುಂತ್ರ ಇದು ಖರೇನ ಪಾಪ" ಅಂದಳು.

ಹೋಗಿ ಹೇಳಿದೆ. ಗಂಧ, ಎಡಗಡೆಯ ಹೂವು, ಅಳಿಯನ ನಡ, ಒಂದನ್ನೂ ಬಿಡದೆ ಹೇಳಿದೆ.

ಉಜ್ಜಿನಪ್ಪನಿಗೆ ಎಲ್ಲಿಂದ ಶಕ್ತಿ ಬಂತೋ, ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಎತ್ತಿ ಬೀಸಿದ. ನನ್ನ ಭುಜಕ್ಕೆ ಬಡಿಯಿತು. "ದೇವ್ರಿಗೇ ಟೋಪಿ ಹಾಕಿದ್ಯೇನಲೇ ಭಾಡ್ಯಾ!" ಅಂದ. ಮುಖವನ್ನು ಗೋಡೆಗೆ ತಿರುಗಿಸಿದ. ನಾನು ನೆಲ ಒರೆಸಿದೆ, ಚೊಂಬನ್ನು ಮತ್ತೆ ತುಂಬಿ ಇಟ್ಟೆ.

"ಯಾಕ ಮಾಡಿದ್ಯಲೇ?" ಅಂತ ಗೋಡೆಗೇ ಕೇಳಿದ.

"ನಿನ್ನ ಒದ್ದಾಟ ನೋಡಾಕಾಗಂಗಿಲ್ಲಪಾ ನನ್ನ ಕೈಲೆ" ಅಂದೆ. ಅಂದವನು ಅಳತೊಡಗಿದೆ. ಅಳುವುದರಲ್ಲಿ ನನಗೆ ನಾಚಿಕೆಯಿಲ್ಲ.

ಅವನು ತಿರುಗಿ ನನ್ನನ್ನು ನೋಡಿದ. "ಮತ್ತ ಕೇಳೋಣ. ಈ ಸಲ ಖರೇ ಕೇಳೋಣ" ಅಂದ.

ಮತ್ತೆ ಓಮ್ನಿ, ಮತ್ತೆ ಕುರುಗೋಡು. ನಮ್ಮನ್ನು ಕಂಡು ಮರಿಬಸಯ್ಯನವರು ಬೆವೆತರು. ಉಜ್ಜಿನಪ್ಪ ಅವರಿಗೆ ಕೈ ಮುಗಿದು, "ಗಂಧ ಹಚ್ಚಬ್ಯಾಡ್ರಿ ಸ್ವಾಮೇರ" ಅಂದ, ಅಷ್ಟೆ. ಈ ಸಲ ಹೊನ್ನೂರಮ್ಮ, ಮನಸ್ಸಿನಲ್ಲಿ ಕೇಳುವುದು ಬೇಡ, ನಮಗೆಲ್ಲ ಕೇಳುವ ಹಾಗೆ ಕೇಳಿ ಅಂದಳು. ಅವನು ಗಟ್ಟಿಯಾಗಿ ಹೇಳಿದ: "ಗುಳಿಗಿ ತಗೊಳ್ಳಾಕ ನಿನ್ನ ಅಪ್ಪಣಿ ಇದ್ರ ಬಲಕ್ಕ, ಇಲ್ಲಾಂದ್ರ ಎಡಕ್ಕ."

ಹೂವು ಬೀಳಲಿಲ್ಲ. ಅರ್ಧ ತಾಸಾಯಿತು. ಒಂದು ತಾಸಾಯಿತು. ಎಡಗಡೆಯದೂ ಇಲ್ಲ, ಬಲಗಡೆಯದೂ ಇಲ್ಲ. ನಾನು ಒಳಗೊಳಗೇ ಅಲ್ಲಾನಿಗೆ ಹೇಳಿದೆ, ನೀನಾದರೂ ಇವರಿಗೆ ಒಂದು ಮಾತು ಹೇಳು ಅಂತ. ಮರಿಬಸಯ್ಯನವರು ಗಾಳಿ ಆಡಲಿ ಅಂತ ಮೆಲ್ಲಗೆ ಕದ ತೆರೆದರು, ಉಜ್ಜಿನಪ್ಪ ಕಣ್ಣು ಬಿಟ್ಟು ನೋಡುತ್ತಲೇ ಕದವನ್ನು ಮತ್ತೆ ಮುಚ್ಚಿದರು. ಹೊರಗೆ ಕುರುಗೋಡಿನ ಗುಡ್ಡದ ಬಿಸಿಲು ಕಾಯುತ್ತಿತ್ತು. ಸ್ವಾಮಿಗಳ ಹೊಟ್ಟೆ ಹಸಿದು ಗುರುಗುಟ್ಟುವುದು ಎಲ್ಲರಿಗೂ ಕೇಳಿಸಿತು. ಎರಡು ತಾಸಾಗುವಷ್ಟರಲ್ಲಿ ಉಜ್ಜಿನಪ್ಪ ಕಂಬಕ್ಕೆ ಒರಗಿಬಿಟ್ಟಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ, ಆದರೂ ಕೈ ಮುಗಿದೇ ಇದ್ದ.

ಆಗ ಹೊನ್ನೂರಮ್ಮ ಎದ್ದಳು. ದೇವರ ಕಡೆ ಹೋಗುತ್ತಾಳೆ ಅಂದುಕೊಂಡೆ. ಇಲ್ಲ, ಗಂಡನ ಮುಂದೆ ಬಂದು ನಿಂತಳು.

"ಮೂವತ್ತು ವರ್ಷ ಕುಡದ್ರಿ. ಕುಡೀಲೇನು ಅಂತ ನನ್ನ ಒಂದಿನ ಕೇಳಿದ್ರೇನು? ಬಿಡಾಗ ಬಿಡ್ತೀನಿ ಅಂತ ನನಗ ಹೇಳಿದ್ರೇನು? ಆಣಿ ಮಾಡಿದ್ದು ಈ ಅಣ್ಣನ ಮ್ಯಾಲೆ. ಅಪ್ಪಣಿ ಕೇಳೋದು ಆ ದೇವ್ರಿಗೆ. ಬಾಯಿ ಒರಸಿದಾಕಿ ನಾನು, ವಾಂತಿ ಬಳದಾಕಿ ನಾನು, ಈಗ ದಿನಾ ನಿಮ್ಮ ನೋವು ನೋಡಾಕಿ ನಾನು. ನಾನ್ಯಾರ್ರಿ ನಿಮಗ? ನನಗೊಂದು ಮಾತು ಕೇಳಬೇಕಂತ ನಿಮಗ ಯಾವಾಗರ ಅನ್ನಿಸೇತೇನು?"

ಮರಿಬಸಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು.

ಉಜ್ಜಿನಪ್ಪ ಅವಳನ್ನು ಬಹಳ ಹೊತ್ತು ನೋಡಿದ. ಮೊದಲ ಸಲ ನೋಡುವವನ ಹಾಗೆ ನೋಡಿದ.

"ಹೂವು ಇನ್ನೂ ಬಿದ್ದಿಲ್ಲಲ್ಲ ಹೊನ್ನೂರಿ" ಅಂದ.

"ಆತ ಕುಂದರ್ಲಿ. ಆತಗ ಟೈಮ್ ಐತಿ. ನಿಮಗ ಇಲ್ಲ."

ಅವನು ಮುಗಿದಿದ್ದ ಕೈ ಬಿಚ್ಚಿದ. "ಹಂಗಾದ್ರ ನಿನ್ನ ಕೇಳ್ತೀನಿ. ತಗೊಳ್ಳಲೇನು?"

"ತಗೋರಿ" ಅಂದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸಂಚಿಯಿಂದ ಗುಳಿಗೆ ತೆಗೆದು ಅವಳೇ ಅವನ ನಾಲಿಗೆಯ ಮೇಲಿಟ್ಟಳು. ಸ್ವಾಮಿಗಳು ತೀರ್ಥದ ತಂಬಿಗೆಯಿಂದ ನೀರು ಕೊಟ್ಟರು.

ನಾವು ಹೊರಟಾಗಲೂ ಹೂವು ಎರಡೂ ಹಾಗೇ ಕೂತಿದ್ದವು. ದಾರಿಯಲ್ಲಿ ಉಜ್ಜಿನಪ್ಪ ಹೊನ್ನೂರಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಒಂದೂವರೆ ತಿಂಗಳಲ್ಲಿ ಅವನು ಹಾಗೆ ಮಲಗಿದ್ದನ್ನು ನಾವು ನೋಡಿರಲಿಲ್ಲ. ಬಳ್ಳಾರಿ ಮುಟ್ಟುವಾಗ ಎಚ್ಚರವಾಯಿತು.

"ಅಮಲು ಬಂತೇನಲೇ?" ಅಂತ ಹೆದರುತ್ತಲೇ ಕೇಳಿದೆ.

ಕಣ್ಣು ಮುಚ್ಚಿ ಒಳಗೊಳಗೇ ಪರೀಕ್ಷೆ ಮಾಡಿದ. "ಇಲ್ಲಲೇ. ನೋವು ಹೋಗೇತಿ, ಅಷ್ಟ. ಅಮಲಂದ್ರೇನು ಅಂತ ನನಗ್ಯಾರು ಹೇಳಬೇಕು? ಮೂವತ್ತು ವರ್ಷದ ಸರ್ವಿಸ್ ನಂದು. ಇದು ಅಮಲಲ್ಲ ಬಿಡು." ನನಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಇದನ್ನು ತಿಳಿಯಲು ಒಂದು ಗುಳಿಗೆ ನುಂಗಿ ನೋಡಿದ್ದರೆ ಸಾಕಿತ್ತಲ್ಲ!

ಸಂಜೆ ಹೊನ್ನೂರಮ್ಮನಿಗೆ ಮರಿಬಸಯ್ಯನವರ ಫೋನು ಬಂತು. "ತಂಗೀ, ಈಗ ಹೂವು ಬಿತ್ತವ್ವ. ಯಾವ ಕಡಿ ಅಂತ ಹೇಳ್ಲೇನು?" ಅಂದರು.

"ಹೇಳಬ್ಯಾಡ್ರಿ ಸ್ವಾಮೇರ. ಊಟ ಮಾಡಿದ್ರೇನು?" ಅಂದಳು ಹೊನ್ನೂರಮ್ಮ. ಫೋನು ಇಟ್ಟಳು.

ಆಮೇಲೆ ಅವನು ಎರಡು ತಿಂಗಳು ಬದುಕಿದ. ಆ ಎರಡು ತಿಂಗಳು ಪೂಜೆಗೆ ತಾನೇ ಎದ್ದು ಕೂತ. ಭಜನೆಯ ಧ್ವನಿ ಇಳಿಯಿತು, ಹಾಗಾಗಿ ಓಣಿಯ ಜನ, ಪಾಪ, ಭಕ್ತಿ ಕಡಿಮೆಯಾಯಿತು ಅಂತ ಮಾತಾಡಿಕೊಂಡರು. ಹಾಗೆ ಅಂದ ಇಬ್ಬರ ಜೊತೆ ನಾನು ಜಗಳ ಮಾಡಿದೆ. ನಾಲ್ಕು ತಾಸಿಗೊಮ್ಮೆ ಹೊನ್ನೂರಮ್ಮ ಗುಳಿಗೆ ತರುತ್ತಿದ್ದಳು. ಪ್ರತಿ ಸಲವೂ ಅವನು ಅವಳ ಮುಖ ನೋಡಿ, "ತಗೊಳ್ಳಲೇನು?" ಅಂತ ಕೇಳುತ್ತಿದ್ದ. ಅವಳು ತಟ್ಟನೆ "ತಗೋರಿ" ಅನ್ನುತ್ತಿದ್ದಳು. ಮೊದಮೊದಲು ತಮಾಷೆಗೆ ಅಂದುಕೊಂಡೆ. ತಮಾಷೆಯಲ್ಲ. ಸೀರೆಯ ಬಣ್ಣ, ಸಾರಿನ ಉಪ್ಪು, ಮಗಳನ್ನು ಯಾವಾಗ ಕರೆಸಬೇಕು, ಎಲ್ಲವನ್ನೂ ಅವಳನ್ನೇ ಕೇಳುತ್ತಿದ್ದ. ನಲವತ್ತು ವರ್ಷದ ಕೇಳದ ಮಾತುಗಳನ್ನೆಲ್ಲ ಎರಡು ತಿಂಗಳಲ್ಲಿ ಕೇಳಿ ಮುಗಿಸಬೇಕು ಅನ್ನುವ ಅವಸರ ಅವನಿಗೆ.

ಕೊನೆಯ ದಿನ ಮಧ್ಯಾಹ್ನ ನಾನು ಅವನ ಕಾಲು ಒತ್ತುತ್ತಾ ಕೂತಿದ್ದೆ. ಸುನಂದಾ ಒಳಗೆ ಗಂಜಿ ಕಾಯಿಸುತ್ತಿದ್ದಳು. ಹೊನ್ನೂರಮ್ಮ ಗುಳಿಗೆ ಹಿಡಿದು ಬಂದಳು. ಅವನು ಗುಳಿಗೆಯನ್ನು ನೋಡಲಿಲ್ಲ. ಅವಳನ್ನೇ ನೋಡಿದ. ಧ್ವನಿ ಬಹಳ ಸಣ್ಣಗಿತ್ತು, ಆದರೂ ನನಗೆ ಸ್ಪಷ್ಟ ಕೇಳಿಸಿತು.

"ಹೊನ್ನೂರಿ, ಹೋಗಲೇನು?"

ಎರಡು ತಿಂಗಳಲ್ಲಿ ಒಂದು ಸಲವೂ ಅವಳು ಉತ್ತರಕ್ಕೆ ತಡಮಾಡಿರಲಿಲ್ಲ. ಆವತ್ತು ಮಾಡಿದಳು. ಗುಳಿಗೆಯನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು. ಪಕ್ಕದಲ್ಲಿ ಕೂತು ಸೆರಗಿನಿಂದ ಅವನ ಹಣೆ ಒರೆಸಿದಳು, ವಿಭೂತಿ ಹಚ್ಚಿದಳು. ಅವನು ಕಾಯುತ್ತಿದ್ದ. ಅಪ್ಪಣೆಯಿಲ್ಲದೆ ಹೋಗುವವನಲ್ಲ ಅಂತ ಅವಳಿಗೂ ಗೊತ್ತಿತ್ತು.

"ಹೋಗಿ ಬರ್ರಿ" ಅಂದಳು.